ಊಟದ ಮೇಜಿನ ಮೇಲಿನ ಕ್ರೋಮೋಸೋಮುಗಳು
ಶಿಕಾಗೋದ ವಿಜ್ಞಾನಿ ಜಾನೆಟ್ ರೌಲಿ ನಾಲ್ಕು ಗಂಡುಮಕ್ಕಳ ತಾಯಿ. ಮಕ್ಕಳು ಚಿಕ್ಕವರಿದ್ದಾಗ ವಾರದಲ್ಲಿ ಕೆಲವೇ ದಿನ ಕೆಲಸಕ್ಕೆ ಹೋಗುತ್ತಿದ್ದವರು. ರಕ್ತದ ಕ್ಯಾನ್ಸರ್ ರೋಗಿಗಳ ಕ್ರೋಮೋಸೋಮುಗಳ ಫೋಟೋಗಳನ್ನು ಮನೆಯ ಊಟದ ಮೇಜಿನ ಮೇಲೆ ಹರಡಿಕೊಂಡು, ಒಂದೊಂದನ್ನೂ ಕತ್ತರಿಸಿ, ಜೋಡಿ ಮಾಡಿ ನೋಡುತ್ತಿದ್ದರು. ಎಂಥ ತಾಳ್ಮೆಯ ಕಣ್ಣು ಅದು! 1960ರಲ್ಲಿ ಫಿಲಡೆಲ್ಫಿಯಾದ ವಿಜ್ಞಾನಿಗಳು ಇಂಥ ರೋಗಿಗಳಲ್ಲಿ ಕಂಡಿದ್ದ ಮೋಟು ಕ್ರೋಮೋಸೋಮಿನ ತುಂಡು ಕಳೆದೇಹೋಗಿದೆ ಎಂಬುದು ಆವರೆಗಿನ ನಂಬಿಕೆ. ಕಳೆದಿಲ್ಲ, 22ನೆಯದರಿಂದ ಕಳಚಿ 9ನೆಯದರ ತುದಿಗೆ ಅಂಟಿಕೊಂಡಿದೆ ಎಂದು 1973ರಲ್ಲಿ ರೌಲಿ ತೋರಿಸಿದರು. ಇಂಥ ಅದಲುಬದಲೇ ಕ್ಯಾನ್ಸರಿನ ಮೂಲವಿರಬಹುದು ಎಂದಾಗ ಒಪ್ಪಿದವರು ಕಡಿಮೆ, ಆದರೂ ರೌಲಿ ಹಿಂಜರಿಯಲಿಲ್ಲ. ಈ ಬೆಸುಗೆಯಿಂದ ಹುಟ್ಟುವ ಪ್ರೋಟೀನನ್ನು ಮುಂದೆ ಬೇರೆಯವರು ಗುರುತಿಸಿದರು. ಅದನ್ನೇ ತಡೆಯುವ ಇಮ್ಯಾಟಿನಿಬ್ ಮಾತ್ರೆಗೆ ಅಮೆರಿಕ 2001ರಲ್ಲಿ ಒಪ್ಪಿಗೆ ಕೊಟ್ಟಿತು. 2013ರಲ್ಲಿ ತೀರಿಕೊಂಡ ರೌಲಿ ಅದನ್ನು ಕಣ್ಣಾರೆ ಕಂಡರು.