ಬೆಳ್ಳಿಯ ಗದ್ದಿಗೆಗಳು

ಹೀಬ್ರೂ ಧರ್ಮಗ್ರಂಥದ ವಿಮೋಚನಕಾಂಡವನ್ನು ಓದುವವರು ಸಿನಾಯ್ ಬೆಟ್ಟದ ಗುಡುಗು ಮಿಂಚುಗಳವರೆಗೆ ಉಸಿರು ಬಿಗಿಹಿಡಿದು ಬರುತ್ತಾರೆ. 25ನೆಯ ಅಧ್ಯಾಯದಿಂದ ಮೊಳ, ಹಲಗೆ, ಕೊಂಡಿ, ಪರದೆಗಳ ಲೆಕ್ಕ ಶುರುವಾದೊಡನೆ ಪುಟ ಮಗುಚಿಬಿಡುತ್ತಾರೆ. ಮರುಭೂಮಿಯಲ್ಲಿ ಬಿಚ್ಚಿ, ಹೊತ್ತು, ಮತ್ತೆ ನಿಲ್ಲಿಸಬೇಕಾದ ದೇವದರ್ಶನದ ಗುಡಾರದ ಲೆಕ್ಕವದು. ಆ ಗ್ರಂಥದ ಬಹು ಆಳವಾದ ಮಾತೊಂದು ಅಲ್ಲೇ ಇದೆ.

ಸಂಕೇತಗಳನ್ನು ಬಿಡಿಸುವವರು ಮೊದಲು ತೋರಿಸುವುದು ಲೋಹಗಳನ್ನು: ಅಂಗಳದಲ್ಲಿ ಕಂಚು, ಒಳಹೋದಂತೆ ಬಂಗಾರ. ಬಾಗಿಲು ಪೂರ್ವಕ್ಕೆ. ಎಲ್ಲಕ್ಕಿಂತ ಒಳಗಿನ ಕೋಣೆಯಾದ ಮಹಾಪವಿತ್ರಸ್ಥಾನದ ಪರದೆಯ ಮೇಲೆ ಕೆರೂಬಿಗಳೆಂಬ ರೆಕ್ಕೆಯ ದೇವಜೀವಿಗಳು. ಏದೆನ್ ತೋಟದ ಪೂರ್ವದಿಕ್ಕಿನಲ್ಲಿ ಕಾವಲು ನಿಂತವೂ ಕೆರೂಬಿಗಳೇ. ಹಾಗಾಗಿ ಒಳಗೆ ಹೆಜ್ಜೆಯಿಟ್ಟ ಯಾಜಕ ಕಳೆದುಹೋದ ತೋಟದತ್ತ ಮರಳುತ್ತಿದ್ದಾನೆ ಎನ್ನುತ್ತಾರೆ. ಸೊಗಸಾದ ಓದು.

ನನ್ನನ್ನು ಹಿಡಿದು ನಿಲ್ಲಿಸುವುದು ಮಾತ್ರ ನೆಲಮಟ್ಟದ ಬೆಳ್ಳಿ. ಬಂಗಾರ, ನೂಲು, ಚರ್ಮವನ್ನೆಲ್ಲ ಜನ ಮನಸ್ಸು ಬಂದಷ್ಟು ಕೊಟ್ಟರು. ಸಾಕು ಎಂದು ಅವರ ನಾಯಕ ಮೋಶೆಯೇ ತಡೆಯಬೇಕಾಯಿತು. ಹಲಗೆ, ಕಂಬಗಳನ್ನು ಊರುವ ಗದ್ದಿಗೆಗಳಿಗೆ ಬೇಕಾದ ಬೆಳ್ಳಿಯ ವಿಷಯದಲ್ಲಿ ಈ ಧಾರಾಳಕ್ಕೆ ಎಡೆಯಿರಲಿಲ್ಲ. 20 ವರ್ಷ ದಾಟಿದ ಪ್ರತಿಯೊಬ್ಬ ಗಂಡಸಿಗೂ ಅರ್ಧ ಶೆಕೆಲ್ ತೂಕದ ಬೆಳ್ಳಿ. ಐಶ್ವರ್ಯವಂತ ಹೆಚ್ಚು ಕೊಡುವಂತಿಲ್ಲ, ಬಡವ ಕಡಿಮೆ ಕೊಡುವಂತಿಲ್ಲ. 38ನೆಯ ಅಧ್ಯಾಯ ಲೆಕ್ಕ ಒಪ್ಪಿಸುತ್ತದೆ: 6,03,550 ಜನ, 100 ತಲಾಂತು ಬೆಳ್ಳಿ, 100 ಗದ್ದಿಗೆ. ಒಂದು ತಲಾಂತಿಗೆ 3,000 ಶೆಕೆಲ್, ಅಂದರೆ ಒಂದೊಂದು ಗದ್ದಿಗೆಯಲ್ಲೂ 6,000 ಜನರ ಪಾಲು ಕರಗಿ ಒಂದಾಗಿದೆ. ಬಂಗಾರ ಹೊದಿಸಿದ 48 ಹಲಗೆಗಳೂ ಮಹಾಪವಿತ್ರಸ್ಥಾನದ ಪರದೆಯ ಕಂಬಗಳೂ ಊರಿದ್ದು ಇವುಗಳ ಮೇಲೆಯೇ. ಕರಗಿದ ಮೇಲೆ ಯಾರ ಬೆಳ್ಳಿ ಎಲ್ಲಿದೆ ಎಂದು ಹೇಳಬಲ್ಲವರು ಯಾರು? ಮಹಿಳೆಯರನ್ನು ಈ ಎಣಿಕೆಗೆ ಸೇರಿಸಲಿಲ್ಲ, ನಿಜ. ಆದರೆ ಯಾಜಕರು ಕೈಕಾಲು ತೊಳೆಯುವ ಕಂಚಿನ ತೊಟ್ಟಿಯಾದದ್ದು ಗುಡಾರದ ಬಾಗಿಲಲ್ಲಿ ಸೇವೆಗಿದ್ದ ಮಹಿಳೆಯರ ಕನ್ನಡಿಗಳು.

ಮುಂದೆ ರಾಜ ಸೊಲೊಮೋನ ಜೆರುಸಲೇಮಿನಲ್ಲಿ ಕಲ್ಲಿನ ದೇವಾಲಯ ಕಟ್ಟಿಸಿದ. ಗರ್ಭಗೃಹ ಉದ್ದ, ಅಗಲ, ಎತ್ತರ ಮೂರರಲ್ಲೂ 20 ಮೊಳವಾಯಿತು, ಗೋಡೆಯೆಲ್ಲ ಬಂಗಾರವಾಯಿತು. ಕಟ್ಟುವಲ್ಲಿ ಸುತ್ತಿಗೆಯ ಸದ್ದೂ ಕೇಳಿಸಲಿಲ್ಲವಂತೆ. ಆದರೆ ಮರಕ್ಕಾಗಿ 30,000 ಜನರನ್ನು ಬಿಟ್ಟಿಗೆ ಹಿಡಿದು, ತಿಂಗಳಿಗೆ 10,000ದಂತೆ ಲೆಬನೋನಿಗೆ ಅಟ್ಟಲಾಯಿತು. ಅರ್ಧ ಶೆಕೆಲಿನ ಸಮಪಾಲು ಈ ಕಟ್ಟಡದ ಕಥೆಯಲ್ಲಿ ಎಲ್ಲೂ ಇಲ್ಲ. ಸೊಲೊಮೋನ ಸತ್ತೊಡನೆ ಜನ ಅವನ ಮಗ ರೆಹಬ್ಬಾಮನ ಬಳಿ ನೊಗದ ಭಾರ ಇಳಿಸು ಎಂದು ಬೇಡಿದರು. ಅವನು ಒಪ್ಪಲಿಲ್ಲ. ಬಿಟ್ಟಿಯ ಮೇಲ್ವಿಚಾರಕ ಅದೋರಾಮನನ್ನು ಜನ ಕಲ್ಲೆಸೆದು ಕೊಂದರು, ರಾಜ್ಯ ಎರಡಾಯಿತು.