ಯಂತ್ರದ ನೊರೆಯೂ ಶ್ರಾವಕನ ಎಚ್ಚರವೂ

ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ. ಮೊದಲನೆಯದು ಬಂಧ, ಕಡೆಯದು ಅನ್ನಪಾನನಿರೋಧ. ಹಟ್ಟಿಯ ದನಕ್ಕೆ ಈ ಮಾತು ಸಲ್ಲುತ್ತದೆಂದರೆ ಎಲ್ಲರೂ ತಲೆದೂಗುತ್ತಾರೆ; ಗಾಜಿನ ತೊಟ್ಟಿಯ ಮೀನಿಗೂ ಸಲ್ಲುತ್ತದೆಂದರೆ ಹಲವರು ನಗುತ್ತಾರೆ. ಆ ನಗೆ ಎಷ್ಟು ಸರಿ ಎಂಬುದನ್ನು ವಿಚಾರಿಸಬೇಕಾಗಿದೆ.

ಗೋಕಾಕ, ಮೂಡಲಗಿ, ಹುಕ್ಕೇರಿಗಳು ಘಟಪ್ರಭೆಯ ಸೀಮೆಯ ಊರುಗಳು. ಕಡಲು ಇಲ್ಲಿಂದ ಸಹ್ಯಾದ್ರಿಯ ಆಚೆಗಿದೆ. ಇಂತಹ ಒಳನಾಡಿನಲ್ಲಿ ಅಂಗಡಿಯ ಮುಂಭಾಗದಲ್ಲಿಯೋ ಮನೆಯ ಪಡಸಾಲೆಯಲ್ಲಿಯೋ ಕಡಲ ಮೀನನ್ನು ಇಡಲು ಹೊರಟವನು ಮೊದಲು ಕಡಲನ್ನೇ ಮಾಡಬೇಕು. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣವಿರುತ್ತದೆ. 300 ಲೀಟರಿನ ತೊಟ್ಟಿಗೆ ಹತ್ತೂವರೆ ಕಿಲೋ ಲವಣಮಿಶ್ರಣ ಬೇಕು. ಅಡುಗೆಯ ಉಪ್ಪು ನಡೆಯದು. ಐದರಲ್ಲೊಂದು ಪಾಲು ನೀರನ್ನು ಬದಲಿಸುವಾಗಲೆಲ್ಲ ಇನ್ನೂ ಎರಡು ಕಿಲೋಗೆ ಮೇಲ್ಪಟ್ಟು ಖರ್ಚು. ಈ ಲೆಕ್ಕವನ್ನು ಕೇಳಿದೊಡನೆ ಮಾರುವವನು ಹೇಳುವ ಮಾತು ಒಂದೇ: “ಪ್ರೋಟೀನ್ ಸ್ಕಿಮ್ಮರ್ ಹಾಕಿಬಿಡಿ, ನೀರಿನ ಚಿಂತೆಯೇ ಇಲ್ಲ.”

ಚಿಂತೆಯೇ ಇಲ್ಲವೆಂಬ ಈ ಮಾತೇ ಪ್ರಮಾದದ ಬೀಜ. ಸ್ಕಿಮ್ಮರ್ ಏನು ಮಾಡುತ್ತದೆ? ಅದರ ಪಂಪು ಗಾಳಿಯನ್ನು ಅತಿಸೂಕ್ಷ್ಮ ಗುಳ್ಳೆಗಳಾಗಿ ಒಡೆದು ನೀರಿನಲ್ಲಿ ಬೆರೆಸುತ್ತದೆ. ಮೀನಿನ ಮಲ, ಉಳಿದ ಆಹಾರ ಇವುಗಳಿಂದ ಬಂದ ಸಾವಯವ ಕಲ್ಮಷವು ಗುಳ್ಳೆಯ ಮೈಗೆ ಅಂಟಿ, ನೊರೆಯಾಗಿ ಕೊರಳಿನಲ್ಲಿ ಮೇಲೇರಿ ಬಟ್ಟಲಿಗೆ ಬೀಳುತ್ತದೆ. ಆ ಕಲ್ಮಷ ಕೊಳೆತು ಅಮೋನಿಯ ಆಗುವುದಕ್ಕೆ ಮುಂಚೆ ಅದನ್ನು ಹೊರಹಾಕುವುದಷ್ಟೇ ಈ ಯಂತ್ರದ ಕೆಲಸ. ಈಗಾಗಲೇ ನೀರಿನಲ್ಲಿ ಕರಗಿರುವ ಅಮೋನಿಯವನ್ನಾಗಲಿ ನೈಟ್ರೇಟನ್ನಾಗಲಿ ಅದು ತೆಗೆಯಲಾರದು. ಆದುದರಿಂದ ನೀರು ಬದಲಿಸುವ ಹೊಣೆಯಿಂದ ಒಡೆಯನಿಗೆ ಅದು ಬಿಡುಗಡೆ ಕೊಡುವುದಿಲ್ಲ. ಸಿಹಿನೀರಿನಲ್ಲಿ ಗುಳ್ಳೆಗಳು ಒಂದಕ್ಕೊಂದು ಕೂಡಿ ದೊಡ್ಡವಾಗಿ ಒಡೆಯುವುದರಿಂದ ಅಲ್ಲಿ ಇದು ನಿಷ್ಪ್ರಯೋಜಕ.

ಇನ್ನು ಆಯ್ಕೆಯ ವಿಚಾರ. ಪೆಟ್ಟಿಗೆಯ ಮೇಲೆ ಅಚ್ಚಾದ ಲೀಟರುಗಳ ಅಂಕಿಯನ್ನು ನೋಡಿ ಕೊಳ್ಳುವುದು, ತೂಕ ನೋಡದೆ ಚೀಲದ ಮೇಲಿನ ಬರಹವನ್ನು ನಂಬಿ ಕಾಳು ಕೊಂಡಂತೆ. ಆ ಅಂಕಿ ಸಾಮಾನ್ಯವಾಗಿ ಕೆಲವೇ ಮೀನುಗಳಿರುವ ತೊಟ್ಟಿಗೆ ಹೇಳಿದ್ದು. ಮೀನು ಹೆಚ್ಚಿದ್ದರೆ ದೊಡ್ಡ ಸಾಮರ್ಥ್ಯದ ಯಂತ್ರ ಬೇಕು. ಹಾಗೆಂದು ಮಿತಿಮೀರಿ ದೊಡ್ಡದನ್ನು ತಂದರೂ ನೊರೆ ಕಟ್ಟಲು ಸಾಕಷ್ಟು ಕಲ್ಮಷ ದೊರೆಯದೆ ಅದು ಸ್ಥಿರವಾಗಿ ನಡೆಯದು. ತೊಟ್ಟಿ ಮತ್ತು ಕೆಳಗಿನ ಉಪತೊಟ್ಟಿಯ ನಿಜವಾದ ನೀರಿನ ಪ್ರಮಾಣ, ಮೀನುಗಳ ಸಂಖ್ಯೆ, ದಿನದ ಆಹಾರ ಇವು ಮೂರನ್ನೂ ಬರೆದಿಟ್ಟುಕೊಂಡ ಮೇಲೆಯೇ ಕೊಳ್ಳತಕ್ಕದ್ದು.

ಹೊಂದಿಸುವುದರಲ್ಲಿ ಇನ್ನೂ ಹೆಚ್ಚಿನ ತಾಳ್ಮೆ ಬೇಕು. ಹೊಸ ಯಂತ್ರದ ಮೈಯಲ್ಲಿನ ಎಣ್ಣೆಯ ಅಂಶ ಹೋಗಿ ನೊರೆ ಸ್ಥಿರಗೊಳ್ಳಲು ಹಲವು ದಿನಗಳು, ಕೆಲವೊಮ್ಮೆ ಎರಡು ವಾರಗಳೇ ಬೇಕಾಗುತ್ತವೆ. ಗಾಳಿಯ ದಾರಿಯನ್ನು ಪೂರ್ಣ ತೆರೆದು, ಯಂತ್ರದೊಳಗಿನ ನೀರಿನ ಮಟ್ಟವನ್ನು ಕೆಳಗಿಟ್ಟು ಆರಂಭಿಸಬೇಕು. ನೀರು ಮತ್ತು ನೊರೆ ಸೇರುವ ಗೆರೆ ಬಟ್ಟಲಿನ ಕೊರಳಿನ ಬುಡಕ್ಕೆ ಬರುವವರೆಗೆ ಸ್ವಲ್ಪ ಸ್ವಲ್ಪವಾಗಿ ಏರಿಸಬೇಕು. ದಿನಕ್ಕೊಂದು ಚಿಕ್ಕ ಬದಲಾವಣೆ ಸಾಕು. ಬಟ್ಟಲಿನಲ್ಲಿ ತಿಳಿ ಚಹಾದ ಬಣ್ಣದ ನೀರು ಬಂದರೆ ನೊರೆ ತೆಳು, ಕಪ್ಪಾಗಿ ಗಟ್ಟಿಯಾಗಿ ಬಂದರೆ ಒಣ ನೊರೆ. ಮಟ್ಟ ಬಹಳ ಏರಿದರೆ ಲವಣದ ನೀರೇ ಹೊರಬಿದ್ದು ವ್ಯರ್ಥವಾಗುತ್ತದೆ. ಆಹಾರ ಹಾಕಿದಾಗ, ತೊಟ್ಟಿಯಲ್ಲಿ ಕೈಯಿಟ್ಟಾಗ ಜಿಡ್ಡಿನಿಂದ ನೊರೆ ಕುಸಿಯುವುದು ಸಹಜ. ಆಗ ಆತುರದಿಂದ ತಿರುಪನ್ನು ತಿರುಗಿಸಬಾರದು. ಎರಡು ಮೂರು ದಿನಗಳಿಗೊಮ್ಮೆ ಕೊರಳಿನ ಜಿಡ್ಡನ್ನು ಒರೆಸದಿದ್ದರೆ ನೊರೆ ಮೇಲೇರದು. ಗಾಳಿಯ ನಳಿಕೆಯಲ್ಲಿ ಉಪ್ಪು ಕಟ್ಟಿಕೊಂಡರೆ ಯಂತ್ರ ಸದ್ದು ಮಾಡುತ್ತದೆಯೇ ಹೊರತು ಕೆಲಸ ಮಾಡುವುದಿಲ್ಲ. ಬೇಸಿಗೆಯಲ್ಲಿ ನೀರು ಆವಿಯಾಗಿ ಉಪತೊಟ್ಟಿಯ ಮಟ್ಟ ಇಳಿದರೆ ಹೊಂದಾಣಿಕೆಯೆಲ್ಲ ಕೆಡುತ್ತದೆ. ಆವಿಯಾಗುವುದು ನೀರು ಮಾತ್ರ, ಲವಣವಲ್ಲ. ಆದುದರಿಂದ ಶುದ್ಧವಾದ ಸಿಹಿನೀರನ್ನೇ ತುಂಬಬೇಕು.

ಗುಡುಗುಮಳೆಯ ರಾತ್ರಿ ವಿದ್ಯುತ್ತು ಹೋದಾಗ ಏನು ಗತಿ? ಸ್ಕಿಮ್ಮರ್ ಕಲ್ಮಷವನ್ನು ತೆಗೆಯುವುದಲ್ಲದೆ ನೀರಿಗೆ ಗಾಳಿಯನ್ನೂ ಬೆರೆಸುತ್ತಿತ್ತು. ಅದೂ ನಿಂತು, ನೀರಿನ ಚಲನೆಯೂ ನಿಂತರೆ ಮೀನಿಗೆ ಉಸಿರೇ ಇಲ್ಲ. ಬ್ಯಾಟರಿಯ ಗಾಳಿಪಂಪು ಇಲ್ಲದ ಮನೆಯಲ್ಲಿ ಒಡೆಯನು ಸುಖನಿದ್ರೆ ಮಾಡುವಾಗ ಗಾಜಿನೊಳಗೆ ಪಂಚೇಂದ್ರಿಯ ಜೀವವು ಬಾಯಿ ತೆರೆದು ಸಾಯುತ್ತದೆ. ಇದು ಅನ್ನಪಾನನಿರೋಧಕ್ಕಿಂತ ಯಾವ ರೀತಿಯಲ್ಲಿ ಕಡಿಮೆ?

“ತಿನ್ನುವವರ ಕೈಗೆ ಸಿಗುವುದಕ್ಕಿಂತ ಸಾಕುವುದು ಲೇಸಲ್ಲವೆ?” ಎಂದು ಕೆಲವರು ವಾದಿಸುತ್ತಾರೆ. ಈ ವಾದ ಪೊಳ್ಳು. ಅಲಂಕಾರದ ಕಡಲಮೀನುಗಳನ್ನು ಯಾರೂ ಕಟುಕನಿಂದ ಬಿಡಿಸಿ ತರುವುದಿಲ್ಲ. ಕೆಲವು ಜಾತಿಗಳನ್ನು ಮರಿಮಾಡಿಸುವ ವಿಧಾನ ಬಂದಿದ್ದರೂ, ಬಹುಪಾಲು ಜಾತಿಗಳನ್ನು ಇಂದಿಗೂ ಹವಳದ ದಿಬ್ಬಗಳಿಂದ ಹಿಡಿದೇ ತರುತ್ತಾರೆ. ಫಿಲಿಪ್ಪೀನ್ಸ್, ಇಂಡೋನೇಷ್ಯಾಗಳಲ್ಲಿ ಸಯನೈಡ್ ಚಿಮುಕಿಸಿ ಮೀನುಗಳಿಗೆ ಮಂಪರು ಬರಿಸಿ ಹಿಡಿದ ಸಂಗತಿ ಜಗತ್ತಿಗೆ ತಿಳಿದದ್ದೇ. ಹಣ ಕೊಟ್ಟು ಕೊಂಡವನು ಆ ಬಲೆಗೆ ಬಂಡವಾಳ ಹೂಡಿದವನು. ಭಾರತದ ಹವಳವನ್ನೂ ಕಡಲಕುದುರೆಯನ್ನೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ರಕ್ಷಿಸುತ್ತದೆ. ಆ ಕಾಯಿದೆಯ ಆಶಯವನ್ನು ಶ್ರಾವಕನ ಮನೆ ಎಲ್ಲರಿಗಿಂತ ಮೊದಲು ಅರಿಯಬೇಡವೆ?

ಹಾಗಾದರೆ ಕರ್ತವ್ಯವೇನು? ಹೊಸದಾಗಿ ಇಂತಹ ತೊಟ್ಟಿಯನ್ನು ಯಾರೂ ಕೊಳ್ಳದಿರುವುದು ಉತ್ತಮ ಪಕ್ಷ. ಬಸದಿಯ ಟ್ರಸ್ಟುಗಳು ತಮ್ಮ ಕಲ್ಯಾಣಮಂಟಪಗಳಿಗೆ ಕಡಲಮೀನಿನ ತೊಟ್ಟಿಯನ್ನು ದಾನವಾಗಿಯೂ ಸ್ವೀಕರಿಸಬಾರದು. ಆದರೆ ಈಗಾಗಲೇ ಇಟ್ಟವರು ಪಶ್ಚಾತ್ತಾಪಪಟ್ಟು ಮೀನನ್ನು ಘಟಪ್ರಭೆಗೆ ಬಿಟ್ಟರೆ ಅದು ಅಭಯದಾನವಲ್ಲ, ವಧೆ. ಸಿಹಿನೀರಿನಲ್ಲಿ ಕಡಲಮೀನು ಬದುಕದು. ಅಂತಹವರು ಆ ಜೀವಗಳ ಆಯುಷ್ಯವಿರುವವರೆಗೆ ತಕ್ಕ ಸ್ಕಿಮ್ಮರನ್ನು ಇಟ್ಟು, ದಿನವೂ ಬಟ್ಟಲನ್ನು ನೋಡಿ, ನೀರನ್ನು ಪರೀಕ್ಷಿಸಿ ಕಾಪಾಡಬೇಕು. ಹೊಸ ಮೀನನ್ನು ಸೇರಿಸಬಾರದು.

ಹಿರಿಯರು ನೀರನ್ನು ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲಿ ಉಳಿದ ಸೂಕ್ಷ್ಮಜೀವಿಗಳನ್ನು ಅದೇ ಬಾವಿಗೆ ಮರಳಿ ಬಿಡುತ್ತಿದ್ದರು. ಕಣ್ಣಿಗೆ ಕಾಣದ ಜೀವಿಗೂ ಅದರ ನೆಲೆಯನ್ನು ಹಿಂದಿರುಗಿಸುವುದು ಜಲಗಾಲನದ ಮರ್ಮ. ಸ್ಕಿಮ್ಮರ್ ಕೊಳೆಯನ್ನು ಸೋಸಬಲ್ಲದು. ಮೀನಿಗೆ ಅದರ ಕಡಲನ್ನು ಹಿಂದಿರುಗಿಸಲಾರದು. ಆ ಕೊರತೆಯನ್ನು ಯಾವ ಯಂತ್ರವೂ ತುಂಬಲಾರದೆಂದು ಅರಿತವನು ತೊಟ್ಟಿಯನ್ನು ಕೊಳ್ಳುವ ಮೊದಲೇ ಅಂಗಡಿಯಿಂದ ಹಿಂದಿರುಗುತ್ತಾನೆ.