ಮೋಟರ್‌ಹೋಮ್‌ನಲ್ಲಿ ನಾಯಿ: ‘ಎಸಿ ಹಾಕಿದೆ, ಕಿಟಕಿ ತೆರೆದಿದೆ’ ಅಂದರೆ ಸಾಕೇ?

ಗಂಡ, ಹೆಂಡತಿ, ಎರಡು ನಾಯಿ. ಮನೆ ಮಾರಿ ಮೋಟರ್‌ಹೋಮ್ ಕೊಂಡಿದ್ದಾರೆ, ಅದರಲ್ಲೇ ಅಮೆರಿಕ ಸುತ್ತುತ್ತಿದ್ದಾರೆ. ಬೆಳಗ್ಗೆ ಎದ್ದರೆ ಕಿಟಕಿಯಾಚೆ ಬೆಟ್ಟ, ಇನ್ನೊಂದು ದಿನ ಸಮುದ್ರ. ಮುಂದಿನ ಸೀಟಿನಲ್ಲಿ ನಾಲಿಗೆ ಚಾಚಿ ಕೂತ ನಾಯಿ ನಗುತ್ತಿರುವಂತೆ ಕಾಣುತ್ತದೆ. ಇಂಥ ವಿಡಿಯೊ ನಿಮ್ಮ ಫೋನಿಗೂ ಬಂದಿರಬಹುದು, ನೀವೂ ನಾಲ್ಕು ಜನಕ್ಕೆ ಕಳಿಸಿರಬಹುದು. ವಿಡಿಯೊ ಬಗ್ಗೆ ನಮ್ಮ ತಕರಾರೇನಿಲ್ಲ. ಅದರ ಬೆನ್ನಿಗೇ ಹರಿದು ಬರುವ ಸಲಹೆಗಳ ಬಗ್ಗೆ ಇದೆ. ‘ಕಿಟಕಿ ಎರಡು ಬೆರಳು ತೆರೆದಿಟ್ಟರೆ ಸಾಕು, ನಾಯಿಗೆ ಏನೂ ಆಗಲ್ಲ.’ ‘ನಾಯಿಗೆ ಬಿಸಿಲು ಹೊಡೆದರೆ ತಣ್ಣೀರು ಹಾಕಬೇಡಿ, ಶಾಕ್ ಆಗಿ ಸತ್ತುಹೋಗುತ್ತದೆ.’ ‘ಚಿಪ್ ಹಾಕಿಸಿದರೆ ನಾಯಿ ಎಲ್ಲಿದ್ದರೂ ಮೊಬೈಲಿನಲ್ಲಿ ಕಾಣುತ್ತದೆ.’

ಮೂರೂ ತಪ್ಪು. ಮೊದಲಿನ ಎರಡನ್ನು ನಂಬಿದರೆ ನಾಯಿಯ ಜೀವಕ್ಕೇ ಕುತ್ತು.

ಊರೂರು ಸುತ್ತಿದರೆ ನಾಯಿ ಕಂಗೆಡುವುದಿಲ್ಲವೇ?

ಬಹಳ ಜನ ಮೊದಲು ಕೇಳುವ ಪ್ರಶ್ನೆ ಇದು. ದಿನಕ್ಕೊಂದು ಜಾಗ, ದಿನಕ್ಕೊಂದು ವಾಸನೆ, ಪಾಪ ಮೂಕಪ್ರಾಣಿ ಏನು ಮಾಡಬೇಕು ಎಂಬ ಕಾಳಜಿ.

1998ರಲ್ಲಿ ಹಂಗೇರಿಯ ಸಂಶೋಧಕರು 51 ನಾಯಿಗಳನ್ನು ಅವುಗಳ ಯಜಮಾನರ ಜೊತೆ ಅಪರಿಚಿತ ಕೋಣೆಯೊಂದಕ್ಕೆ ಕರೆಸಿ ನೋಡಿದರು. ಯಜಮಾನ ಹೊರಗೆ ಹೋಗುತ್ತಾನೆ, ಹೊಸಬರು ಒಳಗೆ ಬರುತ್ತಾರೆ, ಆಮೇಲೆ ಯಜಮಾನ ಮರಳುತ್ತಾನೆ. ಅಮ್ಮನ ಜೊತೆ ಮಗುವಿನ ನಂಟು ಅಳೆಯಲು ಮನಶ್ಶಾಸ್ತ್ರಜ್ಞರು ಬಳಸುವ ಪರೀಕ್ಷೆಯನ್ನೇ ಅವರು ನಾಯಿಗೆ ಹೊಂದಿಸಿಕೊಂಡಿದ್ದರು. ಫಲಿತಾಂಶವೂ ಮಕ್ಕಳ ಹಾಗೇ ಇತ್ತು. ಯಜಮಾನ ಪಕ್ಕದಲ್ಲಿದ್ದಾಗ ಹೊಸ ಜಾಗದಲ್ಲೂ ನಾಯಿ ಆಡಿತು, ಮೂಲೆಮೂಲೆ ಮೂಸಿತು. ಅವನು ಹೊರಗೆ ಹೋದಾಗ ಬಾಗಿಲ ಬಳಿ ಹೋಗಿ ನಿಂತಿತು.

ಹಾಗಾಗಿ ಜಾಗ ಬದಲಾಗುವುದು ಆರೋಗ್ಯವಂತ ನಾಯಿಗೆ ಅಷ್ಟು ದೊಡ್ಡ ಸಂಗತಿಯಲ್ಲ ಎಂದೇ ನಮಗೆ ಅನ್ನಿಸುತ್ತದೆ. ಊಟ, ಓಡಾಟ, ನಿದ್ದೆಯ ಹೊತ್ತು ದಿನವೂ ಒಂದೇ ಇದ್ದರೆ ಅದು ಹೊಂದಿಕೊಳ್ಳುತ್ತದೆ. ಕಣ್ಣು ಮಂಜಾದ, ವಯಸ್ಸಾದ ನಾಯಿಯ ಮಾತು ಬೇರೆ. ನಿಜವಾದ ತೊಂದರೆ ಶುರುವಾಗುವುದು ಯಜಮಾನ ನಾಯಿಯನ್ನು ವಾಹನದಲ್ಲಿ ಬಿಟ್ಟು ಹೋದಾಗ. ಅಮೆರಿಕದ ಪ್ರವಾಸದಲ್ಲಿ ಅದು ಮತ್ತೆ ಮತ್ತೆ ಆಗುತ್ತದೆ. ಅಲ್ಲಿನ ಬಹುಪಾಲು ರಾಷ್ಟ್ರೀಯ ಉದ್ಯಾನಗಳಲ್ಲಿ ಹಗ್ಗ ಕಟ್ಟಿದ ನಾಯಿ ಕ್ಯಾಂಪಿನ ಜಾಗಕ್ಕೆ, ರಸ್ತೆಗೆ, ಪಾರ್ಕಿಂಗ್‌ಗೆ ಬರಬಹುದು, ಕಾಡಿನ ಕಾಲುದಾರಿಗಳಿಗೆ ಸಾಮಾನ್ಯವಾಗಿ ಬರುವಂತಿಲ್ಲ. ಮನುಷ್ಯರು ಬೆಟ್ಟ ಹತ್ತಲು ಹೊರಟರೆ ನಾಯಿ ಗಾಡಿಯಲ್ಲೇ ಉಳಿಯಿತು. ಹೊರಗೆ ಬಿಸಿಲು.

ಎರಡು ಬೆರಳು ಕಿಟಕಿಯ ಕಥೆ

2005ರಲ್ಲಿ ಅಮೆರಿಕದ ಮಕ್ಕಳ ವೈದ್ಯಕೀಯ ಪತ್ರಿಕೆ ‘ಪೀಡಿಯಾಟ್ರಿಕ್ಸ್’ನಲ್ಲಿ ಒಂದು ಅಧ್ಯಯನ ಬಂತು. ಹೊರಗಿನ ತಾಪಮಾನ 22ರಿಂದ 36 ಡಿಗ್ರಿ ಸೆಲ್ಸಿಯಸ್ ಇದ್ದ 16 ದಿನಗಳಲ್ಲಿ ಬಿಸಿಲಿಗೆ ಕಾರು ನಿಲ್ಲಿಸಿ ಒಳಗಿನ ಶಾಖ ಅಳೆದರು. ಒಂದು ಗಂಟೆಯಲ್ಲಿ ಸರಾಸರಿ 22 ಡಿಗ್ರಿ ಏರಿತ್ತು. ಅದರಲ್ಲೂ ಶೇ 80ರಷ್ಟು ಏರಿಕೆ ಮೊದಲ ಅರ್ಧ ಗಂಟೆಯಲ್ಲೇ ಆಗಿತ್ತು. ‘ಈಗ ಬಂದೆ’ ಅಂತ ಅಂಗಡಿಗೆ ಹೋಗಿ ಬರುವಷ್ಟು ಹೊತ್ತು. ಕಿಟಕಿಯನ್ನು ಸುಮಾರು 4 ಸೆಂಟಿಮೀಟರ್ ತೆರೆದಿಟ್ಟೂ ನೋಡಿದರು. ಹೇಳಿಕೊಳ್ಳುವಂಥ ವ್ಯತ್ಯಾಸವೇ ಆಗಲಿಲ್ಲ.

ಯಾಕೆ ಹೀಗೆ? ಬಿಸಿಲು ಗಾಜಿನ ಮೂಲಕ ಸಲೀಸಾಗಿ ಒಳಬಂದು ಸೀಟು, ಡ್ಯಾಶ್‌ಬೋರ್ಡ್, ನೆಲವನ್ನು ಕಾಯಿಸುತ್ತದೆ. ಅವು ಸುತ್ತಲಿನ ಗಾಳಿಯನ್ನು ಕಾಯಿಸುತ್ತವೆ. ಕಾದ ಗಾಳಿಗೆ ಹೊರಗೆ ಹೋಗಲು ಎರಡು ಬೆರಳ ಸಂದಿ ಎಲ್ಲಿ ಸಾಕು? ಒಳಗೆ ಬರುವ ಶಾಖವೇ ಅದಕ್ಕಿಂತ ಹೆಚ್ಚು.

ಇದು ಕಾರಿನ ಲೆಕ್ಕ, ಮೋಟರ್‌ಹೋಮ್‌ನದಲ್ಲ ಎಂದು ನೀವು ಹೇಳಬಹುದು. ಸರಿ. ಮೋಟರ್‌ಹೋಮ್ ದೊಡ್ಡದು, ಗೋಡೆಗೆ ಶಾಖ ತಡೆಯುವ ಪದರ ಇರುತ್ತದೆ, ಚಾವಣಿಯಲ್ಲಿ ಫ್ಯಾನ್ ಇರುತ್ತದೆ. ಕಾರಿನಷ್ಟು ಬೇಗ ಕಾಯದಿರಬಹುದು. ಆದರೆ ಮುಂದೆ ಅಗಲವಾದ ಗಾಜು, ಅಕ್ಕಪಕ್ಕ ಕಿಟಕಿ, ಮೇಲೆ ದಿನವಿಡೀ ಬಿಸಿಲು ಕುಡಿಯುವ ಚಾವಣಿ. ಇಲ್ಲಿ ಜನ ನಂಬಿರುವುದು ಗೋಡೆಯನ್ನಲ್ಲ, ಎಸಿಯನ್ನು.

ಎಸಿ ಎಷ್ಟು ನಂಬಿಕಸ್ಥ?

ಕ್ಯಾಂಪಿನ ಜಾಗದಲ್ಲಿ ಒಂದು ವಿದ್ಯುತ್ ಕಂಬ ಇರುತ್ತದೆ, ಅದಕ್ಕೆ ಗಾಡಿಯ ತಂತಿ ಸಿಕ್ಕಿಸಿದರೆ ಎಸಿ ಓಡುತ್ತದೆ. ಸುಡುವ ಮಧ್ಯಾಹ್ನ ಎಲ್ಲ ಗಾಡಿಗಳ ಎಸಿಯೂ ಒಟ್ಟಿಗೆ ಓಡುವಾಗ ವೋಲ್ಟೇಜ್ ಕುಸಿಯುತ್ತದೆ, ಟ್ರಿಪ್ ಆಗುತ್ತದೆ. ಬೇಸಿಗೆಯಲ್ಲಿ ಕರೆಂಟ್ ಹೋಗುವುದು ಹೇಗೆಂದು ನಮ್ಮವರಿಗೆ ಹೇಳಿಕೊಡಬೇಕಿಲ್ಲ. ಎಸಿ ಅತ್ಯಗತ್ಯವಾಗಿರುವ ಹೊತ್ತೇ ಅದು ಕೈಕೊಡುವ ಸಾಧ್ಯತೆ ಹೆಚ್ಚಿರುವ ಹೊತ್ತು.

‘ಬ್ಯಾಟರಿ ಇದೆಯಲ್ಲ’ ಎನ್ನುವವರಿಗೆ ಕರೆಂಟ್ ಬಿಲ್ಲಿನ ಲೆಕ್ಕವೇ ಸಾಕು. 12 ವೋಲ್ಟ್, 100 ಆಂಪಿಯರ್-ಅವರ್‌ನ ಒಂದು ಬ್ಯಾಟರಿಯಲ್ಲಿ ಪೂರ್ತಿ ತುಂಬಿದಾಗ ಇರುವುದು 1.2 ಯೂನಿಟ್ ವಿದ್ಯುತ್. ಚಾವಣಿಯ ಎಸಿ ಬಿಡದೆ ಓಡಿದರೆ ಗಂಟೆಗೆ ಸುಮಾರು ಒಂದೂವರೆ ಯೂನಿಟ್ ತಿನ್ನುತ್ತದೆ. ಒಂದು ಗಂಟೆಯೂ ಬರುವುದಿಲ್ಲ. ಹಳೆಯ ಮಾದರಿಯ ಸೀಸದ ಬ್ಯಾಟರಿಯಾದರೆ ಅರ್ಧಕ್ಕಿಂತ ಕೆಳಗೆ ಇಳಿಸಬಾರದು ಅನ್ನುತ್ತಾರೆ, ಹಾಗಾಗಿ ಇನ್ನೂ ಕಡಿಮೆ. ಜನರೇಟರ್ ಇದ್ದರೂ ಇಂಧನ ಮುಗಿದರೆ ನಿಂತಿತು. ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಒಳಗೆ ನುಗ್ಗಿದರೆ ಅದು ಇನ್ನೊಂದೇ ಅಪಾಯ. ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ.

ಅದಕ್ಕೇ ಅನುಭವಸ್ಥರು ಗಾಡಿಯೊಳಗೆ ತಾಪಮಾನ ಅಳೆದು ಫೋನಿಗೆ ಸಂದೇಶ ಕಳಿಸುವ ಪುಟ್ಟ ಯಂತ್ರ ಇಡುತ್ತಾರೆ. ಕೊಳ್ಳುವಾಗ ಒಂದು ವಿಷಯ ಗಮನಿಸಬೇಕು. ಅದು ವೈಫೈ ಮೇಲೆ ನಡೆಯುವುದಾದರೆ, ಕರೆಂಟ್ ಹೋದಾಗ ವೈಫೈಯೂ ಹೋಗುತ್ತದೆ. ಎಚ್ಚರಿಕೆ ಬರಬೇಕಾದ ಗಳಿಗೆಯಲ್ಲೇ ಯಂತ್ರ ಮೂಕವಾಗುತ್ತದೆ. ಸ್ವಂತ ಸಿಮ್, ಸ್ವಂತ ಬ್ಯಾಟರಿ ಇರುವುದೇ ಬೇಕು. ಅಷ್ಟಿದ್ದರೂ, ಸಂದೇಶ ಬಂದ ಹತ್ತು ನಿಮಿಷದಲ್ಲಿ ಗಾಡಿ ತಲುಪಲಾಗದಷ್ಟು ದೂರ ಹೋಗಿದ್ದರೆ ಏನು ಪ್ರಯೋಜನ? ಬೆಟ್ಟದ ಮೇಲೆ ಎಷ್ಟೋ ಕಡೆ ಸಿಗ್ನಲ್ಲೇ ಇರುವುದಿಲ್ಲ.

ಅಮೆರಿಕದ ಅರ್ಧಕ್ಕಿಂತ ಹೆಚ್ಚು ರಾಜ್ಯಗಳಲ್ಲಿ ಅಪಾಯ ಆಗುವಂತೆ ಪ್ರಾಣಿಯನ್ನು ವಾಹನದಲ್ಲಿ ಬಿಡುವುದರ ವಿರುದ್ಧ ಕಾನೂನಿದೆ. ಕ್ಯಾಲಿಫೋರ್ನಿಯಾದಲ್ಲಿ 2017ರಿಂದ, ಪೊಲೀಸರಿಗೆ ತಿಳಿಸುವುದೇ ಮೊದಲಾದ ಕೆಲವು ಷರತ್ತು ಪಾಲಿಸಿದರೆ, ದಾರಿಹೋಕರೂ ಗಾಜು ಒಡೆದು ಸಾಯುವ ಸ್ಥಿತಿಯಲ್ಲಿರುವ ಪ್ರಾಣಿಯನ್ನು ಉಳಿಸಬಹುದು.

ನಾಯಿಗೇಕೆ ಅಷ್ಟು ಕಷ್ಟ?

ನಮಗೆ ಮೈಯೆಲ್ಲ ಬೆವರುತ್ತದೆ, ಬೆವರು ಆರುವಾಗ ಮೈ ತಣ್ಣಗಾಗುತ್ತದೆ. ನಾಯಿಗೆ ಆ ಥರದ ಬೆವರು ಗ್ರಂಥಿ ಇರುವುದು ಹೆಚ್ಚಾಗಿ ಅಂಗಾಲಿನಲ್ಲಿ ಮಾತ್ರ. ಅದರ ಮುಖ್ಯ ಉಪಾಯ ನಾಲಿಗೆ ಚಾಚಿ ಬಿರುಸಾಗಿ ತೇಕುವುದು. ನಾಲಿಗೆ, ಬಾಯಿ, ಮೂಗಿನ ಒದ್ದೆ ಆವಿಯಾಗುತ್ತಾ ಶಾಖವನ್ನು ಹೊತ್ತೊಯ್ಯುತ್ತದೆ. ಗಾಳಿಯಲ್ಲೇ ತೇವ ತುಂಬಿದ್ದರೆ ಈ ಉಪಾಯ ನಡೆಯುವುದಿಲ್ಲ. ಬಳ್ಳಾರಿಯ ಒಣ ಬಿಸಿಲಿಗಿಂತ ಮಂಗಳೂರಿನ ಸೆಕೆ ಮೈಗೆ ಬೇರೆಯೇ ಥರ ತಟ್ಟುತ್ತದಲ್ಲ, ಹಾಗೆ. ಮುಚ್ಚಿದ ಗಾಡಿಯಲ್ಲಿ ನಾಯಿಯ ಉಸಿರೇ ಒಳಗಿನ ತೇವ ಹೆಚ್ಚಿಸುತ್ತದೆ.

ಮೂತಿ ಚಪ್ಪಟೆಯಾದ ಬುಲ್‌ಡಾಗ್, ಮೊಬೈಲ್ ಕಂಪನಿಯೊಂದರ ಜಾಹೀರಾತಿನಿಂದ ನಮ್ಮಲ್ಲಿ ಮನೆಮಾತಾದ ಪಗ್, ಇವಕ್ಕೆ ಸರಿಯಾಗಿ ತೇಕಲೂ ಬರುವುದಿಲ್ಲ. ಉಸಿರ ದಾರಿಯೇ ಇಕ್ಕಟ್ಟು. ಮೈ ಬಂದ ನಾಯಿಗಳೂ ಬೇಗ ಸೋಲುತ್ತವೆ.

‘ಮೂಗು ಒದ್ದೆಯಿದೆ, ಹಾಗಾಗಿ ಚೆನ್ನಾಗಿದೆ’ ಎಂಬ ಮಾತನ್ನು ನೆಚ್ಚಬೇಡಿ. ನೋಡಬೇಕಾದ್ದು ನಿಲ್ಲದ ತೇಕು, ಅಂಟಂಟು ಜೊಲ್ಲು, ಕಡುಕೆಂಪಾದ ಒಸಡು, ತೂರಾಡುವ ನಡಿಗೆ, ವಾಂತಿ. ನಾಯಿಯ ಸಹಜ ಮೈಶಾಖವೇ 38ರಿಂದ 39 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು. 41 ದಾಟಿತೆಂದರೆ ಒಳಗಿನ ಅಂಗಗಳಿಗೆ ಪೆಟ್ಟು ಬೀಳುವ ಹೊತ್ತು.

ತಣ್ಣೀರು ಹಾಕಿದರೆ ಸಾಯುತ್ತದೆಯೇ?

ಇಲ್ಲ. ಹಾಕದಿದ್ದರೆ ಸಾಯಬಹುದು. ‘ತಣ್ಣೀರಿಗೆ ರಕ್ತನಾಳ ಮುದುಡಿ ಶಾಖ ಒಳಗೇ ಉಳಿಯುತ್ತದೆ’ ಎಂಬ ವಿವರಣೆ ಕೇಳಲು ವೈಜ್ಞಾನಿಕವಾಗಿದೆ, ಹಿಂದೆ ತಿಳಿದವರೂ ಹಾಗೇ ಹೇಳುತ್ತಿದ್ದರು. ಆದರೆ ಬಿಸಿಲಲ್ಲಿ ಓಡಿ ಕುಸಿದ ಕ್ರೀಡಾಪಟುವನ್ನು ತಣ್ಣೀರಿನ ತೊಟ್ಟಿಯಲ್ಲಿ ಮುಳುಗಿಸುವುದೇ ಇವತ್ತು ಅತ್ಯುತ್ತಮ ಚಿಕಿತ್ಸೆ. ನಾಯಿಗೂ ಅದೇ ದಾರಿ. ಬ್ರಿಟನ್ನಿನ ರಾಯಲ್ ವೆಟರ್ನರಿ ಕಾಲೇಜ್ ಮತ್ತು ನಾಟಿಂಗ್‌ಹ್ಯಾಮ್ ಟ್ರೆಂಟ್ ವಿಶ್ವವಿದ್ಯಾಲಯದ ಸಂಶೋಧಕರು 2016ರಿಂದ 2018ರವರೆಗಿನ ಪಶುಚಿಕಿತ್ಸಾಲಯಗಳ ದಾಖಲೆ ತೆಗೆದು ನೋಡಿದರು. ತಣ್ಣಗೆ ಮಾಡಿದ ವಿವರ ಬರೆದಿಟ್ಟಿದ್ದ ನಾಯಿಗಳಲ್ಲಿ ಆಸ್ಪತ್ರೆಗೆ ಹೊರಡುವ ಮೊದಲೇ ತಣ್ಣಗೆ ಮಾಡಿದ್ದು ಐದರಲ್ಲಿ ಒಂದನ್ನು ಮಾತ್ರ. ಸುಮಾರು ಅರ್ಧದಷ್ಟಕ್ಕೆ ಒದ್ದೆ ಟವೆಲ್ ಹೊದಿಸಿದ್ದರು. ಹೊದಿಸಿದ ಟವೆಲ್ ಸ್ವಲ್ಪ ಹೊತ್ತಿಗೆ ತಾನೇ ಬೆಚ್ಚಗಾಗಿ ಶಾಖ ಹೊರಹೋಗದಂತೆ ತಡೆಯುತ್ತದೆ.

ಅವರು ಹೇಳುವುದು ಇಷ್ಟು: ಮೊದಲು ತಣ್ಣಗೆ ಮಾಡಿ, ಆಮೇಲೆ ಸಾಗಿಸಿ. ವಯಸ್ಸಾಗದ, ಬೇರೆ ಕಾಯಿಲೆಯಿಲ್ಲದ ನಾಯಿಯಾದರೆ ತಲೆ ನೀರಿನ ಮೇಲಿರುವಂತೆ ಹಿಡಿದು ತಣ್ಣೀರಲ್ಲಿ ಮುಳುಗಿಸಬಹುದು. ಮುದಿ ಅಥವಾ ಕಾಯಿಲೆಯ ನಾಯಿಗೆ ಮೈತುಂಬ ನೀರು ಸುರಿದು ಗಾಳಿ ಬೀಸಬೇಕು. ನೀರು ನಾಯಿಯ ಮೈಗಿಂತ ತಣ್ಣಗಿದ್ದರೆ ಸಾಕು, ಐಸ್ ಹುಡುಕುತ್ತಾ ಹೊತ್ತು ಕಳೆಯಬೇಡಿ. ಪ್ರಜ್ಞೆಯಿಲ್ಲದ ನಾಯಿಯ ಬಾಯಿಗೆ ನೀರು ಹುಯ್ಯಬಾರದು. ಚೇತರಿಸಿಕೊಂಡಂತೆ ಕಂಡರೂ ಪಶುವೈದ್ಯರ ಬಳಿ ಒಯ್ಯಲೇಬೇಕು, ಮೂತ್ರಪಿಂಡದಂಥ ಅಂಗಗಳಿಗೆ ಆದ ಪೆಟ್ಟು ಆಮೇಲೆ ಹೊರಬೀಳಬಹುದು.

ಬ್ರಿಟನ್ನಿನ ಇದೇ ತಂಡದ ಇನ್ನೊಂದು ಲೆಕ್ಕ ನಮಗೆ ಅಚ್ಚರಿ ತಂದಿತು. ಅಲ್ಲಿ ಶಾಖದಿಂದ ಕಾಯಿಲೆ ಬಿದ್ದ ನಾಯಿಗಳಲ್ಲಿ ಸುಮಾರು ಮುಕ್ಕಾಲು ಪಾಲು ಓಡಿ ಆಡಿ ಬಿದ್ದವು, ವಾಹನದಲ್ಲಿ ಸಿಕ್ಕಿಕೊಂಡವು ಶೇ 5ರಷ್ಟು. ದಿನವಿಡೀ ಗಾಡಿಯಲ್ಲಿ ಕೂತ ನಾಯಿಯನ್ನು ಇಳಿಸಿ ನಡುಮಧ್ಯಾಹ್ನ ಸಮುದ್ರತೀರದಲ್ಲಿ ಚೆಂಡು ಎಸೆದು ಓಡಿಸುವ ವಿಡಿಯೊ ನೋಡಿದಾಗ ಇದನ್ನು ನೆನೆಯಿರಿ.

ಚಿಪ್ ಅಂದರೆ ಜಿಪಿಎಸ್ ಅಲ್ಲ

ನಾಯಿಯ ಚರ್ಮದಡಿ ಹಾಕುವ ಮೈಕ್ರೋಚಿಪ್ ಅಕ್ಕಿಕಾಳಿನಷ್ಟಿರುತ್ತದೆ. ಅದರಲ್ಲಿ ಬ್ಯಾಟರಿ ಇಲ್ಲ, ಸಿಮ್ ಇಲ್ಲ, ಉಪಗ್ರಹದ ಜೊತೆ ಮಾತಾಡುವ ಯಾವ ವ್ಯವಸ್ಥೆಯೂ ಇಲ್ಲ. ಇರುವುದು ಒಂದು ಸಂಖ್ಯೆ, ಈಗಿನ ಅಂತರರಾಷ್ಟ್ರೀಯ ಮಾದರಿಯಲ್ಲಿ 15 ಅಂಕಿಗಳದ್ದು. ಸ್ಕ್ಯಾನರನ್ನು ಮೈಗೆ ಹತ್ತಿರ ಹಿಡಿದಾಗ ಮಾತ್ರ ಅದು ತೋರುತ್ತದೆ. ಆ ಸಂಖ್ಯೆಯ ಎದುರು ನೋಂದಣಿಯಲ್ಲಿ ನಿಮ್ಮ ಹಳೆಯ ಮನೆಯ ವಿಳಾಸ, ಬಿಟ್ಟುಹೋದ ಫೋನ್ ನಂಬರ್ ಇದ್ದರೆ ಚಿಪ್ ಇದ್ದೂ ಇಲ್ಲದಂತೆ. ಮನೆಯನ್ನೇ ಮಾರಿ ಹೊರಟವರಿಗೆ ಇದು ಇನ್ನೂ ಮುಖ್ಯ. ಎಲ್ಲಿದೆ ಎಂದು ನೋಡಲು ಕೊರಳಪಟ್ಟಿಗೆ ಕಟ್ಟುವ ಜಿಪಿಎಸ್ ಬೇರೆಯೇ ಸಿಗುತ್ತದೆ, ಅದನ್ನು ಆಗಾಗ ಚಾರ್ಜ್ ಮಾಡಬೇಕು.

ಸುತ್ತಾಟ, ಸೊಳ್ಳೆ, ಕಾಗದಪತ್ರ

ಒಂದೇ ಊರಿನ ನಾಯಿಗೆ ಆ ಊರಿನ ರೋಗ. ಸುತ್ತುವ ನಾಯಿಗೆ ಎಲ್ಲ ಊರಿನದೂ. ಸೊಳ್ಳೆಯಿಂದ ಹರಡುವ ಹೃದಯದ ಹುಳುವನ್ನೇ ತೆಗೆದುಕೊಳ್ಳಿ. ಕಚ್ಚಿಸಿಕೊಂಡು ಸುಮಾರು ಆರು ತಿಂಗಳಾಗುವವರೆಗೆ ಸಾಮಾನ್ಯ ಪರೀಕ್ಷೆಯಲ್ಲಿ ಅದು ಕಾಣುವುದಿಲ್ಲ, ಅಷ್ಟರಲ್ಲಿ ಗಾಡಿ ಹತ್ತು ರಾಜ್ಯ ದಾಟಿರುತ್ತದೆ. ಹೊಸ ವೈದ್ಯರಿಗೆ ಹಿಂದಿನದೇನೂ ಗೊತ್ತಿಲ್ಲ. ಯಾವ ತಿಂಗಳು ಎಲ್ಲಿದ್ದೆವು, ಯಾವ ಲಸಿಕೆ, ಯಾವ ಮಾತ್ರೆ ಎಂದು ಒಂದು ಪುಸ್ತಕದಲ್ಲಿ ಬರೆದಿಡುವುದು ಯಾವ ದುಬಾರಿ ಯಂತ್ರಕ್ಕಿಂತಲೂ ಉಪಯುಕ್ತ.

ಗಡಿ ದಾಟುವಾಗ ರೇಬೀಸ್ ಲಸಿಕೆಯ ಕಾಗದ ಬೇಕೇ ಬೇಕು ಎಂದುಕೊಂಡು ಹೊರಡುವುದು ಕ್ಷೇಮ. 2024ರ ಆಗಸ್ಟ್ 1ರಿಂದ ಅಮೆರಿಕಕ್ಕೆ ಬರುವ ನಾಯಿಗೆ ಕನಿಷ್ಠ 6 ತಿಂಗಳಾಗಿರಬೇಕು, ಚಿಪ್ ಇರಬೇಕು, ಆನ್‌ಲೈನ್ ಅರ್ಜಿ ತುಂಬಿರಬೇಕು. ಕೆನಡಾ ಸುತ್ತಿ ಮರಳುವ ಅಮೆರಿಕದ ನಾಯಿಗೂ ಇದು ಅನ್ವಯ. ಭಾರತದಿಂದ ನಾಯಿ ಒಯ್ಯುವ ನಮ್ಮವರಿಗೆ ನಿಯಮ ಇನ್ನೂ ಬಿಗಿ, ಏಕೆಂದರೆ ರೇಬೀಸ್ ಅಪಾಯ ಹೆಚ್ಚಿರುವ ದೇಶಗಳ ಪಟ್ಟಿಯಲ್ಲಿ ನಾವಿದ್ದೇವೆ.

ಈಚೆಗೆ ಕರ್ನಾಟಕದಲ್ಲೂ ಕ್ಯಾರವಾನ್ ಬಾಡಿಗೆಗೆ ಸಿಗುತ್ತಿದೆ. ನಾಯಿ ಜೊತೆ ಹೋಗುವ ಆಸೆಯಿದ್ದರೆ ಬುಕ್ ಮಾಡುವ ಮೊದಲು ಇಷ್ಟು ಕೇಳಿ: ಎಂಜಿನ್ ಆರಿಸಿದ ಮೇಲೆ ಎಸಿ ಓಡುತ್ತದೆಯೇ, ಯಾವುದರ ಮೇಲೆ, ಎಷ್ಟು ಹೊತ್ತು? ರಾತ್ರಿ ತಂಗುವ ಜಾಗದಲ್ಲಿ ಕರೆಂಟ್ ಇದೆಯೇ? ಹತ್ತಿರದ ಪಶುವೈದ್ಯರು ಎಲ್ಲಿದ್ದಾರೆ? ಬಂಡೀಪುರ, ನಾಗರಹೊಳೆಯ ಸಫಾರಿಗೆ ನಾಯಿ ಒಯ್ಯುವಂತಿಲ್ಲ. ಎಲ್ಲರೂ ಸಫಾರಿಗೆ ಹೋಗುವ ಯೋಚನೆಯಿದ್ದರೆ ನಾಯಿಯ ಜೊತೆ ಉಳಿಯುವವರು ಯಾರೆಂದು ಹೊರಡುವ ಮೊದಲೇ ಮನೆಯಲ್ಲಿ ಮಾತಾಡಿಕೊಳ್ಳಿ.